ಏಳನೆಯ ಫ್ಲಾಸ್ಕು

ನರದ ಕ್ಯಾನ್ಸರ್ ಗಡ್ಡೆ ಒಂದೇ ಇಲಿಯದು. ಅದರಿಂದ ಒಂದೊಂದೇ ಕೋಶ ಬಿಡಿಸಿ, ಬೇರೆಬೇರೆ ಫ್ಲಾಸ್ಕಿನಲ್ಲಿ ಸಾಕಿ, ಏಳು ವಂಶ ಬೆಳೆಸಿದವಳು ಗಜಾಲಾ. ಹೆಬ್ಬಾಳದ ಪ್ರಯೋಗಾಲಯದಲ್ಲಿ ಅವುಗಳಿಗೆ ಊಟ ಹಾಕುವುದರಲ್ಲೇ ಅವಳ ಮೂರು ವರ್ಷ ಕಳೆದಿತ್ತು. ಒಡಹುಟ್ಟಿದವಾದರೂ ಗುಣ ಬೇರೆ. ನರಗಳು ಮಾತಾಡಿಕೊಳ್ಳುವ ರಾಸಾಯನಿಕಗಳಲ್ಲಿ ನಾಲ್ಕು ವಂಶ ಡೋಪಮಿನ್ ತಯಾರಿಸಿದವು, ಎರಡು ಅಸಿಟೈಲ್‌ಕೋಲಿನ್. ಏಳನೆಯದು ಚೆನ್ನಾಗಿ ತಿಂದು, ಚೆನ್ನಾಗಿ ಬೆಳೆದು, ಏನನ್ನೂ ತಯಾರಿಸಲಿಲ್ಲ.

ಆ ಸೊನ್ನೆಯೇ ಅವಳ ಪ್ರಬಂಧದ ಜೀವ.

"ಸೊನ್ನೆ ತೋರ್ಸೋಕೆ ದೆಹಲಿಯಿಂದ ಪರಿಶೀಲನಾ ಸಮಿತಿ ಕರೆಸ್ಬೇಕೇನಮ್ಮಾ?" ಎಂದರು ಅವಳ ಮಾರ್ಗದರ್ಶಕ ಅಶ್ವತ್ಥ್. "ಸೋಮವಾರ ಬರ್ತಾರೆ. ಎಸೆದ್ಬಿಡು ಅದನ್ನ."

"ಸರ್, ಅದೂ ಫಲಿತಾಂಶಾನೇ."

"ನಮ್ಮನೇಲೂ ಒಬ್ಬ ಭಾಮೈದ ಇದಾನೆ, ತಿಂದು ಸುಮ್ನಿರ್ತಾನೆ. ಅವನ್ಮೇಲೆ ಯಾರೂ ಪಿಎಚ್‌ಡಿ ಮಾಡಿಲ್ಲ."

ಎಸೆಯಲು ಗಜಾಲಾಗೆ ಕೈ ಬರಲಿಲ್ಲ. ಏಳನೆಯದನ್ನು ಕಾರಿಡಾರಿನ ಮೂಲೆಯ ಹಳೇ ಇನ್‌ಕ್ಯುಬೇಟರಿನಲ್ಲಿ ಬಚ್ಚಿಟ್ಟಳು.

ಶುಕ್ರವಾರ ಆಯುಧಪೂಜೆ. ಸೂಕ್ಷ್ಮದರ್ಶಕಕ್ಕೆ ಚೆಂಡುಹೂ ಬಿತ್ತು, ಸೆಂಟ್ರಿಫ್ಯೂಜಿಗೆ ನಿಂಬೆಹಣ್ಣು. ಕಸ ಗುಡಿಸುವ ಕೊಡಿಗೇಹಳ್ಳಿಯ ಮುನಿನಾರಾಯಣಮ್ಮ ಹೊಸ ಇನ್‌ಕ್ಯುಬೇಟರಿನ ಬಾಗಿಲಿಗೆ ಕುಂಕುಮವಿಟ್ಟು ಸರಿದಳು. ಅಶ್ವತ್ಥರಿಗೆ ಅಷ್ಟು ಸಾಲದು. ಬಾಗಿಲು ತೆಗೆದು ಒಳಗಿದ್ದ ಆರೂ ಫ್ಲಾಸ್ಕುಗಳ ಮುಚ್ಚಳಕ್ಕೆ ಅರಿಶಿನ, ಕುಂಕುಮ, ಒಂದೊಂದು ಒದ್ದೆ ಹೂವು ಇಟ್ಟರು.

"ಯಾಕ್ ಸಾರ್ ಒಳೀಕೆ? ದ್ಯಾವ್ರು ಎಲ್ಲಾ ಕಡೆ ಇರೋನು. ಬೂಸ್ಟು ಇಡೀತದೆ!" ಎಂದಳು ಮುನಿನಾರಾಯಣಮ್ಮ.

"ವಿಜ್ಞಾನಕ್ಕೂ ಶ್ರದ್ಧೆ ಬೇಕು ಕಣಮ್ಮ."

ಗಜಾಲಾ ಬಾಯಿ ತೆರೆದು ಮುಚ್ಚಿದಳು. ತನ್ನ ಹೆಸರಿನವಳು ಪೂಜೆ ಬೇಡವೆಂದರೆ ಮಾತು ಬೇರೆಲ್ಲಿಗೋ ಹೋಗುತ್ತದೆ.

ಎರಡು ದಿನ ರಜೆ ಮುಗಿದು ಸೋಮವಾರ ನೋಡಿದರೆ ಆರೂ ಫ್ಲಾಸ್ಕುಗಳಲ್ಲಿ ಹತ್ತಿಯಂಥ ಬೂಸ್ಟು. ಹತ್ತು ಗಂಟೆಗೆ ಸಮಿತಿ. ಅಶ್ವತ್ಥರ ಮುಖದಲ್ಲಿ ವಿಭೂತಿ ಬೆವರಿನೊಂದಿಗೆ ಇಳಿಯುತ್ತಿತ್ತು. ಗಜಾಲಾ ಕಾರಿಡಾರಿಗೆ ಹೋಗಿ ಏಳನೆಯದನ್ನು ತಂದು ಮೇಜಿನ ಮೇಲಿಟ್ಟಳು. ತಿಳಿಗುಲಾಬಿ ದ್ರವ, ನಿರ್ಮಲ.

"ಈ ಕೋಶಗಳ ಮೌನ!" ಅಶ್ವತ್ಥ್ ಸಮಿತಿಯ ಮುಂದೆ ಫ್ಲಾಸ್ಕಿನತ್ತ ಕೈ ಚಾಚಿದರು. "ಇದೇ ನಮ್ಮ ಸಂಶೋಧನೆಯ ತಿರುಳು."

"ಉಳಿದ ಆರು ಎಲ್ಲಿ?" ಅಧ್ಯಕ್ಷೆ ಕೇಳಿದರು.

ಅಶ್ವತ್ಥ್ ಫ್ಯಾನು ನೋಡಿದರು. ಈ ಸಲ ಗಜಾಲಾ ಬಾಯಿ ಮುಚ್ಚಲಿಲ್ಲ.

"ಬೂಸ್ಟು ಹಿಡೀತು ಮೇಡಂ. ಪೂಜೆಗೆ ಅಂತ ಬಾಗಿಲು ತೆಗೆದಿದ್ವಿ. ಬೀಜಕ್ಕೆ ಅಂತ ಅವುಗಳ ಕೋಶ ಫ್ರೀಜರಲ್ಲಿಟ್ಟಿದೀನಿ, ಮತ್ತೆ ಬೆಳೆಸ್ತೀನಿ. ಅಳತೆಗಳೆಲ್ಲ ಈ ಪುಸ್ತಕದಲ್ಲಿವೆ. ಏಳನೇದು ಸೊನ್ನೆ."

ಅಧ್ಯಕ್ಷೆ ಪುಟ ತಿರುವಿ ಸೊನ್ನೆಯ ಮೇಲೆ ಬೆರಳಿಟ್ಟರು. "ಇದನ್ನ ಮಾತ್ರ ಬಿಡಬೇಡಿ."

"ಕೇಳಿಸ್ತಾ ಗಜಾಲಾ?" ಎಂದರು ಅಶ್ವತ್ಥ್. "ನಾನು ಮೊದಲಿಂದ್ಲೂ ಅದನ್ನೇ ಬಡ್ಕೊಳ್ತಿದ್ದೆ."

ಬಾಗಿಲ ಬಳಿ ಮುನಿನಾರಾಯಣಮ್ಮನಿಗೆ ಜೋರಾಗಿ ಕೆಮ್ಮು ಬಂತು.