ಬಲೆಯ ತುದಿಗೆ ಕಟ್ಟಿದ ಚಪ್ಪಲಿ

ಯಲ್ದೂರಿನಲ್ಲಿ ಮಾವಿನಕಾಯಿ ಕೀಳುವ ಕಾಲಕ್ಕೆ ಸರಿಯಾಗಿ ನಾನು ಮನೆಬಿಟ್ಟು ಹೊರಟಿದ್ದು ಅಪ್ಪನಿಗೆ ಸುತರಾಂ ಇಷ್ಟವಿರಲಿಲ್ಲ. ಡಿಗ್ರಿ ಪರೀಕ್ಷೆ ಮುಗಿಸಿ ಬಂದ ಮಗಳು ಮನೆಯಲ್ಲಿ ಕೂತು ಕಾಯಿ ವಿಂಗಡಿಸಬೇಕು, ಬಂದವರಿಗೆ ಕಾಫಿ ಕೊಡಬೇಕು, ಬಂದವರು ಕಾಫಿ ಕುಡಿಯುವ ನೆಪದಲ್ಲಿ ಅವಳನ್ನೂ ನೋಡಿಕೊಂಡು ಹೋಗಬೇಕು ಎಂದು ಅವರು ಅಂದುಕೊಂಡಿದ್ದರು. ಅಷ್ಟರಲ್ಲಿ ದೇವರಾಯಸಮುದ್ರದಿಂದ ಶಾಮಲ ದೊಡ್ಡಮ್ಮನ ಫೋನು ಬಂತು. ದೊಡ್ಡಮ್ಮ ನನ್ನ ಅಮ್ಮನ ಸ್ವಂತ ಅಕ್ಕ.

"ನಿಮ್ ದೊಡ್ಡಪ್ಪ ಕೆರೆ ತೂಬಿನ ಮೆಟ್ಲಿಂದ ಜಾರಿ ಸೊಂಟ ಮುರ್ಕೊಂಡವ್ನೆ ಕಣೇ ಮೌನಿ. ತೆಪ್ಪಕ್ಕೆ ಇಬ್ರು ಬೇಕು, ಒಬ್ರು ಹುಟ್ಟು ಹಾಕಕ್ಕೆ, ಒಬ್ರು ಬಲೆ ಬಿಡಕ್ಕೆ. ನಾನೊಬ್ಳು ಇದೀನಿ. ಬರ್ತೀಯಾ?"

"ಹುಡ್ಗೀನ ಮೀನ್ ಹಿಡಿಯಕ್ಕೆ ಕಳ್ಸೋದಾ? ನೋಡ್ದೋರು ಏನಂತಾರೆ?" ಎಂದರು ಅಪ್ಪ. ಅದುವರೆಗೆ ಹೋಗಲೋ ಬೇಡವೋ ಎಂದುಕೊಂಡಿದ್ದವಳಿಗೆ ಅಷ್ಟು ಸಾಕಾಯಿತು. ಬ್ಯಾಗಿಗೆ ಬಟ್ಟೆ ತುರುಕಿ, ಶ್ರೀನಿವಾಸಪುರದ ಸಂತೆಯಲ್ಲಿ ಕೊಂಡಿದ್ದ ಹೊಸ ನೇರಳೆ ಬಣ್ಣದ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಬಸ್ಸು ಹತ್ತಿದೆ. ಯಾರಾದರೂ ಬೇಡ ಅಂದರೆ ನನಗೆ ಅದೇ ಬೇಕು. ಇದು ಹುಟ್ಟಿದಾಗಿನಿಂದ ಇರುವ ಕಾಯಿಲೆ, ಮದ್ದು ಸಿಕ್ಕಿಲ್ಲ, ನಾನು ಹುಡುಕಿಯೂ ಇಲ್ಲ.

ತೆಪ್ಪವೆಂದರೆ ದೊಡ್ಡ ಬಿದಿರಿನ ಬುಟ್ಟಿ, ಹೊರಗೆ ಟಾರು ಬಳಿದ ಪ್ಲಾಸ್ಟಿಕ್ ಹೊದಿಕೆ. ಅದಕ್ಕೆ ಹಿಂದೆ ಮುಂದೆ ಎಂಬುದಿಲ್ಲ. ಪಕ್ಕದಲ್ಲಿ ಹುಟ್ಟು ಹಾಕಿದಿರೋ, ಗಿರಗಿರನೆ ತಿರುಗುತ್ತದೆ. ಮೊದಲ ದಿನ ನಾನು ಹುಟ್ಟು ಹಿಡಿದೆ. ಕೆರೆ, ಏರಿ, ಹಿಂದಿನ ಬಂಡೆಬೆಟ್ಟ, ಹೈವೇ ಲಾರಿಗಳು ಎಲ್ಲ ನನ್ನ ಸುತ್ತ ಸುತ್ತಿದವು. ಏರಿಯ ಮೇಲೆ ಬಲೆ ಒಣಹಾಕುತ್ತಿದ್ದ ಗಂಡಸರು ಕೆಲಸ ಬಿಟ್ಟು ನೋಡಿ ಬಿದ್ದುಬಿದ್ದು ನಕ್ಕರು. ದೊಡ್ಡಮ್ಮ ಮಾತ್ರ ನಗಲಿಲ್ಲ. ಆಕೆ ತಲೆಸುತ್ತು ಬಂದು ತೆಪ್ಪದ ಅಂಚು ಹಿಡಿದುಕೊಂಡು ಕೂತಿದ್ದಳು.

"ಮುಂದಕ್ಕೆ ಚಾಚಿ ನಿನ್ ಕಡೆ ಎಳ್ಕೊಳೇ. ರೊಟ್ಟಿ ತಟ್ಟೋ ಹಂಗೆ ಮೇಲ್ಮೇಲೆ ತಟ್ತೀಯಲ್ಲ!"

"ನಿಂಗ್ ಬರುತ್ತಾ ದೊಡ್ಡಮ್ಮ?"

"ನೋಡಿದೀನಿ. ಈಗ ಮಾಡಿ ಕಲೀಬೇಕು."

ಅವಳು ಹೇಳಿದ್ದು ನಿಜ. ಕೆರೆಗೆ ನೀರು ಬಂದಾಗಿನಿಂದ ಅವಳ ಕೆಲಸವೆಲ್ಲ ಏರಿಯ ಮೇಲೆಯೇ. ಹರಿದ ಬಲೆ ಹೆಣೆಯುವುದು, ಮೀನು ಹೆಕ್ಕುವುದು, ಬುಟ್ಟಿ ಹೊತ್ತು ಮುಳಬಾಗಿಲಿಗೆ ಹೋಗಿ ಮಾರುವುದು. ನೀರಿಗೆ ಇಳಿಯುವವನು ದೊಡ್ಡಪ್ಪ ಕದಿರೇಶ. ಈಗ ಇಬ್ಬರೂ ಕಲಿತೆವು. ಅಂಗೈ ಬೊಬ್ಬೆ ಎದ್ದು, ಒಡೆದು, ಗಟ್ಟಿಯಾಯಿತು. ನನ್ನ ಮುಖ ಕಪ್ಪಾಗಿದ್ದನ್ನು ನೋಡಿದ್ದರೆ ಅಪ್ಪನ ಎದೆ ಒಡೆಯುತ್ತಿತ್ತು. ನನಗಂತೂ ಹುಟ್ಟು ಹಾಕಿ ತೆಪ್ಪ ನೇರವಾಗಿ ಹೋದ ದಿನ ಆದ ಸಂತೋಷ ಯಾವ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ಕೆರೆಯಲ್ಲಿ ಎಲ್ಲ ಜಾಗವೂ ಒಂದೇ ಅಲ್ಲ. ನಡುವೆ ಒಂದು ದೊಡ್ಡ ಕಲ್ಲುಗುಂಡು ನೀರಿನಿಂದ ತಲೆ ಎತ್ತಿ ನಿಂತಿದೆ. ಅದರ ಮಗ್ಗುಲಲ್ಲಿ ಆಳ ಹೆಚ್ಚು. ಬೇಸಿಗೆಯಲ್ಲಿ ನೀರು ಇಳಿದ ಹಾಗೆ ಮೀನೆಲ್ಲ ಅಲ್ಲಿಗೇ ಬಂದು ಸೇರುತ್ತದೆ. ಆ ಜಾಗ ದೊಡ್ಡಪ್ಪನದು. ಯಾರ ಜಾಗ ಯಾವುದು ಎಂದು ಗೊತ್ತಾಗುವುದು ಚಪ್ಪಲಿಯಿಂದ. ಪ್ರತಿ ಬಲೆಯ ಎರಡು ತುದಿಗೂ ಆ ಮನೆಯ ಯಜಮಾನನ ಹಳೆಯ ರಬ್ಬರ್ ಚಪ್ಪಲಿ ಒಂದೊಂದು ಕಟ್ಟಿರುತ್ತಾರೆ. ಅದು ನೀರಿನ ಮೇಲೆ ತೇಲುತ್ತಿರುತ್ತದೆ. ಚಪ್ಪಲಿ ಕಟ್ಟಿದ ಬಲೆಯನ್ನು ಬೇರೆಯವರು ಮುಟ್ಟುವ ಹಾಗಿಲ್ಲ, ಮುಟ್ಟಿದವನು ಕಳ್ಳ. ಅಕ್ಷಯ ತದಿಗೆ ಕಳೆದ ಮೇಲೆ ಬರುವ ಮೊದಲ ಶುಕ್ರವಾರ ಏರಿಯ ಮೇಲಿನ ಗಂಗಮ್ಮನ ಕಲ್ಲಿಗೆ ಪೂಜೆ. ಅಂದು ಯಾರ ಚಪ್ಪಲಿ ಎಲ್ಲಿ ತೇಲಿತೋ ಆ ವರ್ಷ ಆ ಜಾಗ ಅವರದು.

ಪೂಜೆಗೆ ಮುಂಚೆಯೇ ದೊಡ್ಡಪ್ಪನ ತಮ್ಮ ಆಂಜಿ ಮನೆಗೆ ಬಂದ. ಮಂಚದ ಮೇಲೆ ಮಲಗಿದ್ದ ಅಣ್ಣನ ಕಾಲ ಬಳಿ ಕೂತು, ಅತ್ತಿಗೆಯ ಮುಖ ನೋಡದೆ ಮಾತಾಡಿದ.

"ಅಣ್ಣನ ಚಪ್ಲಿ ಕೊಡು ಅತ್ಗೆ. ಗುಂಡಿನ್ ಹತ್ರ ನಾನ್ ಬಲೆ ಬಿಡ್ತೀನಿ. ಪಾಲು ತಂದು ಮನೆ ಬಾಗ್ಲಿಗೆ ಕೊಡ್ತೀನಿ. ಹೆಂಗಸ್ರು ನೀರಿಗಿಳಿದ್ರೆ ಜನ ಆಡ್ಕೊಳ್ತಾರೆ."

"ಜನ ಅಂದ್ರೆ ಯಾರು? ನೀನಾ?" ಎಂದಳು ದೊಡ್ಡಮ್ಮ.

"ಕೊಟ್ಟುಬಿಡು ಶಾಮಲಾ," ಎಂದ ದೊಡ್ಡಪ್ಪ ಗೋಡೆಯ ಕಡೆ ತಿರುಗಿಕೊಂಡು. "ನನ್ ತಮ್ಮ ತಾನೇ?"

ದೊಡ್ಡಮ್ಮ ಕೊಡಲಿಲ್ಲ. ಆಂಜಿ ಹೋದ ಮೇಲೆ ನನಗೆ ಹೇಳಿದಳು: "ಈ ವರ್ಷ ಅಣ್ಣನ ಚಪ್ಲಿ ಕಟ್ತಾನೆ, ಮುಂದಿನ ವರ್ಷ ತನ್ನದು ಕಟ್ತಾನೆ. ಆಮೇಲೆ ನಾನು ಅವನ ಬಾಗ್ಲಲ್ಲಿ ಬುಟ್ಟಿ ಹಿಡ್ಕೊಂಡು ನಿಂತಿರ್ಬೇಕು. ಆ ಜಾಗ ಹೋದ್ರೆ ಮತ್ತೆ ಬರಲ್ಲ ಕಣೇ."

ಪೂಜೆಯ ಬೆಳಿಗ್ಗೆ ಅವಳು ತನ್ನ ಕಾಲಿನ ಚಪ್ಪಲಿ ಬಿಚ್ಚಿದಳು. ಹಸಿರು ಪಟ್ಟಿಯ, ಹಿಮ್ಮಡಿ ಸವೆದ, ಒಂದು ಕಡೆ ಪಿನ್ನು ಚುಚ್ಚಿದ ಹವಾಯಿ ಚಪ್ಪಲಿ. ಬಲೆಯ ಎರಡು ತುದಿಗೆ ಒಂದೊಂದು ಬಿಗಿದು ಕಟ್ಟಿದಳು. ಮಂಗಳಾರತಿ ಆಗುವ ಹೊತ್ತಿಗೆ ನಾವಿಬ್ಬರೂ ಗುಂಡಿನ ಮಗ್ಗುಲಲ್ಲಿ ಬಲೆ ಬಿಟ್ಟು ದಡಕ್ಕೆ ಬಂದಿದ್ದೆವು. ಹಸಿರು ಪಟ್ಟಿ ಬಿಸಿಲಿಗೆ ಹೊಳೆಯುತ್ತಿತ್ತು. ನೋಡಿದವರ ಕೈಯಲ್ಲಿದ್ದ ಪ್ರಸಾದ ಕೈಯಲ್ಲೇ ಉಳಿಯಿತು. ಕೆರೆಯ ಪಂಚಾಯ್ತಿಕೆ ಮಾಡುವ ಹಿರಿಯ ಮುನಿಶಾಮಿ, "ಏನಮ್ಮಾ ಇದು ಅನಾಚಾರ," ಎಂದದ್ದು ಕಿವಿಗೆ ಬಿತ್ತು. ನಾವು ಕೇಳಿಸದವರ ಹಾಗೆ ಪುಳಿಯೋಗರೆ ತಿಂದೆವು.

ಮರುದಿನ ಬೆಳಿಗ್ಗೆ ನಮ್ಮ ಬಲೆ ನೀರಿನಲ್ಲಿರಲಿಲ್ಲ. ಗಂಗಮ್ಮನ ಕಲ್ಲಿನ ಪಕ್ಕ ಮಣ್ಣಿನಲ್ಲಿ ರಾಶಿ ಬಿದ್ದಿತ್ತು. ಸಿಕ್ಕಿದ್ದ ಮೀನು ಅದರೊಳಗೇ ಸತ್ತು, ಅವಕ್ಕೆ ಇರುವೆ ಮುತ್ತಿದ್ದವು. ಒಂದು ಚಪ್ಪಲಿಯನ್ನು ಕತ್ತಿಯಲ್ಲಿ ತುಂಡುತುಂಡು ಮಾಡಿದ್ದರು. ಆ ಕ್ಷಣ ಆಂಜಿ ಕೈಗೆ ಸಿಕ್ಕಿದ್ದರೆ ಹುಟ್ಟಿನಿಂದಲೇ ಬಾರಿಸುತ್ತಿದ್ದೆ. ಅವನು ನೋಡಲು ಸೇರಿದ್ದ ಗುಂಪಿನ ಹಿಂದೆ, ಬೀಡಿ ಸೇದುವವನ ಹಾಗೆ ಬೇರೆ ಕಡೆ ನೋಡುತ್ತ ನಿಂತಿದ್ದ.

ದೊಡ್ಡಮ್ಮ ಬಲೆಯ ಮುಂದೆ ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಚಪ್ಲಿ ಕಟ್ಟಿದ ಬಲೆ ಮುಟ್ದೋನು ಏನು, ಮುನಿಶಾಮಿ ಮಾವ?"

ಮುನಿಶಾಮಿ ಗಂಟಲು ಸರಿಮಾಡಿಕೊಂಡ. "ಯಜಮಾನನ ಚಪ್ಲಿ ಇದ್ರೆ ಆ ಮಾತು. ಹೆಂಗಸಿನ ಚಪ್ಲಿ ಗಂಗಮ್ಮನ ಮೇಲೆ ತೇಲಿಸೋದುಂಟೇನಮ್ಮಾ? ತಾತ ಮುತ್ತಾತನ ಕಾಲದಿಂದ ಬಂದಿದ್ದು ಇದು. ನೀನೊಬ್ಳು ಮುರಿಯಕ್ಕಾಗುತ್ತಾ?"

"ನಿಮ್ ಮುತ್ತಾತನ ಕಾಲದಲ್ಲಿ ಹವಾಯಿ ಚಪ್ಲಿ ಇತ್ತಾ ಮಾವ?"

ಬುಟ್ಟಿ ಹಿಡಿದು ಕಾಯುತ್ತಿದ್ದ ಮೀನು ಮಾರುವ ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ದೊಡ್ಡಮ್ಮ ನಗಲಿಲ್ಲ.

"ತಾತನ ಕಾಲ ಬಿಡಿ. ನಾನು ಮದ್ವೆಯಾಗಿ ಬಂದಾಗಿಂದ ಈ ಕೆರೇಲಿ ನೀರೇ ಇರ್ಲಿಲ್ಲ. ಸೀಮೆಜಾಲಿ ಬೆಳ್ಕೊಂಡಿತ್ತು. ನಿಮ್ ಹುಡುಗ್ರು ಇಲ್ಲೇ ಕ್ರಿಕೆಟ್ ಆಡ್ತಿದ್ರು. ಆ ದೊಡ್ಡ ಮಳೆ ಬಂದು ಕೋಡಿ ಹರಿದ ವರ್ಷ ನೀವೆಲ್ಲ ಬಲೆ ತಂದ್ರಿ. ಯಾರ ಬಲೆ ಯಾವುದು ಅಂತ ಗೊತ್ತಾಗ್ದೆ ದಿನಾ ಬಡಿದಾಡ್ತಿದ್ರಿ. ಹೌದಾ ಇಲ್ವಾ?"

ಬುಟ್ಟಿ ಹಿಡಿದ ಹೆಂಗಸರು ಹೌದೆಂದು ತಲೆಯಾಡಿಸಿದರು.

"ನಮ್ಮೋನ ಹಳೇ ಚಪ್ಲಿ ತಗೊಂಡು ಬಲೆಗೆ ಮೊದಲು ಕಟ್ಟಿದ್ದು ನಾನು. ಇದೇ ಏರಿ ಮೇಲೆ ಕೂತ್ಕೊಂಡು. ಆಗ ನಕ್ರಿ. 'ಶಾಮಲಮ್ಮ ಮೀನಿಗೆ ಚಪ್ಲಿ ಹಾಕ್ತಾಳೆ' ಅಂದೋರು ನೀವೇ ಮಾವ. ವಾರ ಕಳೆಯೋದ್ರೊಳಗೆ ನೀವೂ ಕಟ್ಟಿದ್ರಿ. ನಾನ್ ಕಟ್ಟಿದ್ದು ನಿಮ್ಗೆ ಸಂಪ್ರದಾಯ ಆಯ್ತು, ನನ್ಗೆ ಅನಾಚಾರ ಆಯ್ತಾ?"

ನನಗೂ ಇದು ಗೊತ್ತಿರಲಿಲ್ಲ. ದೊಡ್ಡಮ್ಮ ಇಷ್ಟು ದಿನ ಅದನ್ನು ಹೇಳಿಕೊಂಡಿರಲಿಲ್ಲ. ಕೂಗಿ ಚಪ್ಪಾಳೆ ತಟ್ಟಬೇಕು ಅನ್ನಿಸಿತು. ಸತ್ತ ಮೀನು ಕಾಲ ಬಳಿ ಇದ್ದದ್ದರಿಂದ ಸುಮ್ಮನಿದ್ದೆ.

ಮುನಿಶಾಮಿ ಕೆಟ್ಟವನಲ್ಲ. ಸೋತದ್ದು ಅವನಿಗೆ ಗೊತ್ತಾಗಿತ್ತು, ಸೋತ ಹಾಗೆ ಕಾಣಬಾರದಾಗಿತ್ತು, ಅಷ್ಟೆ. ಸಂಜೆ ಆಂಜಿಯನ್ನೂ ಕರೆದುಕೊಂಡು ಮನೆಗೇ ಬಂದ.

"ನೋಡಮ್ಮಾ, ನೀನೇ ತೆಪ್ಪ ಬಿಡು, ನೀನೇ ಮೀನ್ ಹಿಡಿ, ಯಾರೂ ಅಡ್ಡ ಬರಲ್ಲ. ಚಪ್ಲಿ ಮಾತ್ರ ಕದಿರೇಶಂದು ಕಟ್ಟು. ಜಾಗ ನಿಮ್ಮನೇಲೇ ಉಳಿಯುತ್ತೆ. ನಮ್ ಮಾತೂ ಉಳಿಯುತ್ತೆ. ಒಂದ್ ಜೊತೆ ಚಪ್ಲಿಗೆ ಇಷ್ಟು ಹಠವಾ?"

"ಒಂದ್ ಜೊತೆ ಚಪ್ಲಿಗೆ ನೀವ್ಯಾಕೆ ಇಷ್ಟು ಹಠ ಮಾಡ್ತೀರಿ ಮಾವ?"

ಆಗ ಮಂಚದ ಮೇಲಿದ್ದ ದೊಡ್ಡಪ್ಪ ಕೈ ಇಳಿಬಿಟ್ಟು ಕೆಳಗೆ ತಡಕಾಡಿ ತನ್ನ ಚಪ್ಪಲಿ ಜೊತೆಯನ್ನು ಎಳೆದ. ಬಿದ್ದ ದಿನದಿಂದ ಅವನು ಅವನ್ನು ಹಾಕಿಕೊಂಡಿರಲಿಲ್ಲ. ಧೂಳು ಕೂತಿತ್ತು. ಡಾಕ್ಟರು ಎದ್ದು ಹೆಜ್ಜೆ ಹಾಕು ಎಂದು ಹೇಳಿ ಎಷ್ಟೋ ದಿನವಾಗಿತ್ತು. ಅವನು ನಾಳೆ, ನಾಳೆ ಅನ್ನುತ್ತಲೇ ಇದ್ದ.

"ತಗೊ ಶಾಮಲಾ," ಎಂದ. ಧ್ವನಿ ಮೆತ್ತಗಿತ್ತು. "ಅವತ್ತು ಆಂಜಿಗೆ ಕೊಡು ಅಂದೆ, ತಪ್ಪಾಯ್ತು. ಈಗ ನಿಂಗೇ ಕೊಡ್ತೀನಿ. ಇಷ್ಟಕ್ಕೇ ಮುಗಿಸ್ಬಿಡು."

ಇದನ್ನು ತೆಗೆದುಕೊಂಡರೆ ಜಾಗ ಉಳಿಯುತ್ತದೆ, ಜಗಳ ಮುಗಿಯುತ್ತದೆ. ತೆಗೆದುಕೊಂಡರೆ ಗುಂಡಿನ ಜಾಗದಲ್ಲಿ ಅವಳು ವರ್ಷವೆಲ್ಲ ಇದ್ದರೂ ಇಲ್ಲದವಳೇ. ಬೇಡ ದೊಡ್ಡಮ್ಮ, ಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಅವಳು ಚಪ್ಪಲಿ ತೆಗೆದುಕೊಂಡಳು. ಸೆರಗಿನಿಂದ ಧೂಳು ಒರೆಸಿದಳು. ಆಮೇಲೆ ಮಂಚದ ಬಳಿ ಕೂತು ಗಂಡನ ಕಾಲನ್ನು ನಿಧಾನವಾಗಿ ಕೆಳಗಿಳಿಸಿ, ಒಂದೊಂದಾಗಿ ಎರಡೂ ಕಾಲಿಗೆ ಮೆಟ್ಟಿಸಿದಳು.

"ನಿನ್ ಚಪ್ಲಿ ನಿನ್ ಕಾಲಿಗೆ ಕಣಯ್ಯಾ. ಎದ್ದು ನಡಿ. ಏರಿವರ್ಗೂ ನಡೆದು ಬಂದ್ರೆ ತೆಪ್ಪದಲ್ಲಿ ಕೂರಿಸ್ಕೊಂಡು ಹೋಗ್ತೀನಿ, ನನ್ ಬಲೆ ತೋರಿಸ್ತೀನಿ." ಮುನಿಶಾಮಿಯ ಕಡೆ ತಿರುಗಿ, "ಬೆಳಿಗ್ಗೆ ನನ್ ಚಪ್ಲೀನೇ ತೇಲುತ್ತೆ ಮಾವ. ತೆಗೀಬೇಕು ಅಂದ್ರೆ ಹಗಲು ಹೊತ್ತಲ್ಲಿ, ಎಲ್ರ ಎದುರಿಗೆ ತೆಗೀರಿ," ಎಂದಳು.

ಇಬ್ಬರೂ ಹೋದರು. ದೊಡ್ಡಪ್ಪ ತನ್ನ ಕಾಲುಗಳನ್ನೇ ನೋಡುತ್ತ ಕೂತಿದ್ದ. ದೊಡ್ಡಮ್ಮ ಬಲೆ ಎಳೆದುಕೊಂಡು ಹರಿದ ಕಡೆ ಹೆಣೆಯತೊಡಗಿದಳು. ಉಳಿದಿದ್ದ ಒಂದು ಹಸಿರು ಚಪ್ಪಲಿಯನ್ನು ಒಂದು ತುದಿಗೆ ಬಿಗಿದಳು. ಇನ್ನೊಂದು ತುದಿ ಹಿಡಿದು ಸುಮ್ಮನೆ ಕೂತಳು. ಅವಳಿಗೆ ಬೇರೆ ಚಪ್ಪಲಿ ಇರಲಿಲ್ಲ.

ನಾನು ಬಾಗಿಲಲ್ಲಿ ಬಿಟ್ಟಿದ್ದ ನನ್ನ ಬಲಗಾಲಿನ ಚಪ್ಪಲಿ ತಂದು ಅವಳ ಮುಂದೆ ಇಟ್ಟೆ.

"ಹೊಸದಲ್ವೇನೇ ಇದು? ಊರಿಗೆ ಹೋಗೋವಾಗ ಏನ್ ಮೆಟ್ಕೊಂಡು ಹೋಗ್ತೀಯ?"

"ಇನ್ನೊಂದಿದೆಯಲ್ಲ. ಕಟ್ಟು ದೊಡ್ಡಮ್ಮ."

ಅವಳು ನನ್ನ ಮುಖ ನೋಡಿದಳು. ಬೇಡ ಅನ್ನಲಿಲ್ಲ. ಬೇಡ ಅಂದರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಬೆಳಿಗ್ಗೆ ನಾನು ಹುಟ್ಟು ಹಾಕಿದೆ, ಅವಳು ಬಲೆ ಬಿಟ್ಟಳು. ಒಂದು ತುದಿಗೆ ಹಸಿರು, ಇನ್ನೊಂದು ತುದಿಗೆ ನೇರಳೆ. ಮುನಿಶಾಮಿಯ ತೆಪ್ಪ ಗುಂಡಿನ ಕಡೆಗೇ ಬಂತು. ದೊಡ್ಡಮ್ಮ ಎದ್ದು ನಿಂತಳು. ತೆಪ್ಪ ಅಲ್ಲಾಡಿತು, ನಾನು ಹುಟ್ಟು ನೀರಿಗೊತ್ತಿ ಸಮ ಮಾಡಿದೆ. ಏರಿಯ ಮೇಲೆ ಜನ ಸಾಲಾಗಿ ನಿಂತು ನೋಡುತ್ತಿದ್ದರು. ಮುನಿಶಾಮಿ ಹತ್ತಿರ ಬಂದು ನೇರಳೆ ಚಪ್ಪಲಿಯನ್ನು ನೋಡಿದ, ನನ್ನನ್ನು ನೋಡಿದ.

"ಇದ್ಯಾರ್ದು?"

"ನಂದು," ಎಂದೆ.

"ಈಗ ಇಬ್ರಾ!" ಎಂದು ಹಣೆ ಚಚ್ಚಿಕೊಂಡ. ಆದರೆ ಕೈ ಮುಂದೆ ಚಾಚಲಿಲ್ಲ. ಹುಟ್ಟು ತಿರುಗಿಸಿ, ನಮ್ಮ ಬಲೆಗೆ ತಾಗದ ಹಾಗೆ ದೂರದಿಂದ ಬಳಸಿಕೊಂಡು ಹೋದ. ಅವನ ಹಿಂದೆ ಬರುತ್ತಿದ್ದ ಆಂಜಿಯೂ ಹಾಗೆಯೇ ಬಳಸಿದ. ಆಮೇಲೆ ಬಂದವರೆಲ್ಲ ಬಳಸಿಯೇ ಹೋದರು.

ಅಂದು ಭಾರಿ ಮೀನೇನೂ ಬೀಳಲಿಲ್ಲ. ಒಂದಿಷ್ಟು ಜಿಲೇಬಿ ಮೀನು, ಬಲೆ ಹರಿದು ನನ್ನ ಬೆರಳು ಕಚ್ಚಿದ ಒಂದು ಏಡಿ. ಆದರೆ ಬಲೆ ಅಲ್ಲೇ ಇತ್ತು. ಮರುದಿನವೂ ಇತ್ತು. ನಾನಲ್ಲಿ ಇದ್ದಷ್ಟು ದಿನವೂ ಇತ್ತು. ದೊಡ್ಡಪ್ಪ ಗೋಡೆ ಹಿಡಿದು ಬಾಗಿಲವರೆಗೆ, ಆಮೇಲೆ ಕೋಲು ಹಿಡಿದು ಬೀದಿಯವರೆಗೆ ಬರುವ ಹಾಗಾದ. ನಾನು ಹೊರಡುವ ಹಿಂದಿನ ದಿನ, ದಾರಿಯುದ್ದಕ್ಕೂ ಬೈದುಕೊಂಡು, ಏರಿಯ ಮೇಲೆ ಬಂದು ನಿಂತ. ದೊಡ್ಡಮ್ಮ ಹೇಳಿದ ಮಾತಿನಂತೆ ಅವನನ್ನು ತೆಪ್ಪದಲ್ಲಿ ಕೂರಿಸಿಕೊಂಡಳು. ಹುಟ್ಟು ಮಾತ್ರ ಕೊಡಲಿಲ್ಲ.

ಯಲ್ದೂರಿನಲ್ಲಿ ಬಸ್ಸಿಳಿದಾಗ ನನ್ನ ಎಡಗಾಲಿನಲ್ಲಿ ಚಪ್ಪಲಿಯಿತ್ತು, ಬಲಗಾಲು ಬರಿದಾಗಿತ್ತು. ಅದನ್ನೂ ಬಿಚ್ಚಿ ಬರಿಗಾಲಲ್ಲಿ ನಡೆಯಬಹುದಿತ್ತು. ನಾನು ಹಾಗೇ, ಒಂದೇ ಚಪ್ಪಲಿಯಲ್ಲಿ, ಬೀದಿಯ ನಡುವೆ ನಡೆದು ಮನೆಗೆ ಬಂದೆ. ಜಗುಲಿಯ ಮೇಲೆ ಅಪ್ಪನ ಜೊತೆ ಯಾರೋ ಗುರುತಿಲ್ಲದವರು ಕಾಫಿ ಕುಡಿಯುತ್ತ ಕೂತಿದ್ದರು. ಅವರ ಕಣ್ಣು ನನ್ನ ಕಪ್ಪಾದ ಮುಖದಿಂದ ಇಳಿದು ಕಾಲಿನ ಮೇಲೆ ನಿಂತಿತು. ಅಪ್ಪ ನಾಚಿಕೆಯಿಂದ ಕುಗ್ಗಿಹೋದರು.

"ಏನೇ ಇದು ಅವತಾರ? ಇನ್ನೊಂದು ಚಪ್ಲಿ ಎಲ್ಲಿ?"

"ದೇವರಾಯಸಮುದ್ರದ ಕೆರೇಲಿದೆ ಅಪ್ಪ," ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಗುಂಡಿನ್ ಹತ್ರ ನಮ್ ಜಾಗದಲ್ಲಿ. ಯಾರೂ ಮುಟ್ಟಂಗಿಲ್ಲ."