ಬಾಲ್ಯದ ಗೆಳತಿ ಗೆಲ್ಲುವ ಮಾಂಗಾ

ಜಪಾನಿನ ಪ್ರೇಮದ ಚಿತ್ರಕಥೆಗಳಲ್ಲಿ, ಅಂದರೆ ಮಾಂಗಾಗಳಲ್ಲಿ, ಬಾಲ್ಯದ ಗೆಳತಿ ಎಂದೂ ಗೆಲ್ಲುವುದಿಲ್ಲ. ಹುಡುಗನಿಗೆ ಜ್ವರ ಬಂದರೆ ಗಂಜಿ ಕಾಯಿಸುವವಳು ಅವಳು, ಪರೀಕ್ಷೆಗೆ ಓದಿಸುವವಳು ಅವಳು. ಮೊನ್ನೆ ಮೊನ್ನೆ ಬಂದ ಹೊಸ ಹುಡುಗಿ ಮೆಟ್ಟಿಲ ಮೇಲೆ ಎಡವಿ ಬಿದ್ದರೆ ಸಾಕು, ನಾಯಕಿಯ ಪಟ್ಟ ಆ ಮಹಾತಾಯಿಗೆ! ಇದನ್ನು ಓದಿ ಓದಿ ನಿವೇದಿತಾಗೆ ಮೈಯೆಲ್ಲ ಉರಿಯುತ್ತಿತ್ತು.

ಅವಳು ಕೋಪನ್‌ಹೇಗನ್ನಿನ ಎದುರು ದಡದ ಊರಾದ ಮಾಲ್ಮೋದಲ್ಲೇ ಬೆಳೆದವಳು. ಅಲ್ಲಿನ ಒಂದು ದಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಪುಟ್ಟ ಮಕ್ಕಳಿಗೆ ಬೂಟು ತೊಡಿಸಿ, ಮೂಗು ಒರೆಸುವ ಕೆಲಸ. ಸಂಜೆ ಮನೆಗೆ ಬಂದು ತಾನೇ ಒಂದು ಮಾಂಗಾ ಬರೆಯತೊಡಗಿದಳು. ವಾರಕ್ಕೊಂದು ಕಂತು, ಇಂಟರ್ನೆಟ್ಟಿನಲ್ಲಿ. ಅದರಲ್ಲಿ ಎಲ್ಲವೂ ತಿರುವುಮುರುವು. ಬಾಲ್ಯದ ಗೆಳತಿಯೇ ನಾಯಕಿ, ಹೊಸಬಳು ಅಡ್ಡ ಬರುವವಳು. ಆ ಹೊಸಬಳಿಗೆ ಉದ್ದ ಕೂದಲು ಕೊಟ್ಟಳು, ದೊಡ್ಡ ಸೂಟ್‌ಕೇಸು ಕೊಟ್ಟಳು, ಬುದ್ಧಿ ಮಾತ್ರ ಕೊಡಲಿಲ್ಲ. ಓದುಗರು ಮುಗಿಬಿದ್ದರು.

ನಾಯಕನಿಗೆ ಚಿರಂತನ್‌ನ ಮುಖವಿತ್ತು. ಚಿರಂತನ್ ಪಕ್ಕದ ಬಾಗಿಲಿನ ಮನೆಯವನು, ಅವಳ ಜೊತೆಗೇ ಸೈಕಲ್ ಕಲಿತವನು, ಈಗ ಸೇತುವೆ ದಾಟಿ ಕೋಪನ್‌ಹೇಗನ್‌ಗೆ ಕೆಲಸಕ್ಕೆ ಹೋಗಿಬರುವವನು. ಅವನ ಕನ್ನಡಕ, ಹುಬ್ಬಿನ ಮೇಲಿನ ಗಾಯದ ಗುರುತು, ತೋಳು ಮಡಚುವ ರೀತಿ ಎಲ್ಲವನ್ನೂ ಇದ್ದ ಹಾಗೇ ಇಳಿಸಿದ್ದಳು. ಪ್ರತಿ ಕಂತನ್ನೂ ರೈಲಿನಲ್ಲಿ ಓದಿ "ಸೂಪರ್ ಕಣೇ" ಎಂದು ಮೆಸೇಜು ಹಾಕುತ್ತಿದ್ದ ಆ ಪುಣ್ಯಾತ್ಮ ಕನ್ನಡಿಯನ್ನೇ ನೋಡುತ್ತಿರಲಿಲ್ಲವೋ ಏನೋ! ಕೊನೆಯ ಕಂತನ್ನು ಅವನ ಕೈಗೇ ಕೊಟ್ಟು ಹೇಳಿಬಿಡುವುದೆಂದು ನಿವೇದಿತಾ ಗಟ್ಟಿ ಮನಸ್ಸು ಮಾಡಿದಳು. ಅದರಲ್ಲಿ ಗೆಳತಿ ರೈಲು ನಿಲ್ದಾಣದಲ್ಲಿ ಅವನ ಕೈ ಹಿಡಿಯುತ್ತಾಳೆ. ಆ ಪುಟಗಳನ್ನು ಚೀಲದಲ್ಲಿಟ್ಟುಕೊಂಡು ಶುಕ್ರವಾರ ಫೀಕಾಕ್ಕೆಂದು, ಅಂದರೆ ಕಾಫಿ ಕುಡಿಯುತ್ತ ಹರಟೆ ಹೊಡೆಯಲೆಂದು, ಅವರ ಮಾಮೂಲಿ ಕಾಫಿ ಅಂಗಡಿಗೆ ಹೋದಳು.

ಅವನು ಒಬ್ಬನೇ ಬಂದಿರಲಿಲ್ಲ. ಜೊತೆಗೆ ಅವನ ತಾಯಿ ರಾಜಲಕ್ಷ್ಮಿ, ಪಕ್ಕದಲ್ಲಿ ಉದ್ದ ಕೂದಲಿನ ಒಬ್ಬ ಹುಡುಗಿ.

"ನಿವಿ, ಇವ್ಳು ಮಧುಶ್ರೀ. ಬೆಂಗಳೂರಿಂದ ಬಂದು ಹೆಲ್ಸಿಂಗ್‌ಬೋರ್ಯ್‌ನಲ್ಲಿ ಕೆಲ್ಸ ಮಾಡ್ತಿದಾಳೆ. ನಾವು ಮದ್ವೆ ಆಗ್ತಿದೀವಿ ಕಣೇ. ಫ್ರೆಂಡ್ಸಲ್ಲಿ ನಿಂಗೇ ಫಸ್ಟ್ ಹೇಳ್ತಿರೋದು," ಎಂದ ಚಿರಂತನ್.

ನಿವೇದಿತಾ ಚೀಲವನ್ನು ಎದೆಗೆ ಒತ್ತಿಕೊಂಡಳು. ಮಧುಶ್ರೀ ಎದ್ದು ಅವಳಿಗೆ ಕುರ್ಚಿ ಎಳೆದುಕೊಟ್ಟಳು.

"ನಿಮ್ಮ ಮಾಂಗಾ ಪೂರ್ತಿ ಓದಿದೀನಿ. ಹೀರೋ ಥೇಟ್ ಇವ್ರೇ! ಬರಿಯೋಕೆ ಸುಲಭ ಅಂತ ಇವ್ರ ಮುಖ ಎತ್ಕೊಂಡ್ರಾ?"

ಈಗ ಹೇಳಬೇಕಿತ್ತು. ಹೇಳಲು ಬಾಯಿಯನ್ನೂ ತೆರೆದಳು. "ಹೂಂ, ಸುಲಭ ಅಂತ," ಎಂದಳು.

"ಆ ಹೊಸ ಹುಡ್ಗೀನ ನೋಡಿದ್ರೆ ಪಾಪ ಅನ್ಸುತ್ತೆ. ಗೊತ್ತಿಲ್ದಿರೋ ಊರು, ಯಾರೂ ಅವಳ ಜೊತೆ ಮಾತೇ ಆಡಲ್ಲ," ಎಂದಳು ಮಧುಶ್ರೀ. ಇವಳಿಗೆ ಬುದ್ಧಿಯೂ ಇತ್ತು, ಒಳ್ಳೆಯ ಮನಸ್ಸೂ ಇತ್ತು. ಬೈದುಕೊಳ್ಳಲು ಏನಾದರೊಂದು ಸಿಕ್ಕಿದ್ದರೆ ನಿವೇದಿತಾಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ರಾಜಲಕ್ಷ್ಮಿ ಅವಳ ಕೈ ಹಿಡಿದುಕೊಂಡರು. "ನೋಡಮ್ಮ, ಇವ್ನಿಗೆ ಅಕ್ಕತಂಗೀರು ಅಂತ ಯಾರೂ ಇಲ್ಲ. ಮದ್ವೇಲಿ ಕಳಸ ಹಿಡ್ಕೊಂಡು ಪಕ್ಕದಲ್ಲಿ ನಿಲ್ಲೋಕೆ ತಂಗಿ ಬೇಕಲ್ಲ? ನೀನೇ ಕಳಸಗಿತ್ತಿ ಆಗ್ಬೇಕು."

"ಅದ್ರಲ್ಲಿ ಕೇಳೋದೇನಮ್ಮ? ನಿವಿ ಅಲ್ದೆ ಇನ್ಯಾರು?" ಚಿರಂತನ್ ನಕ್ಕ.

"ಆಯ್ತು ಆಂಟಿ," ಎಂದಳು ನಿವೇದಿತಾ. ಚೀಲದ ಬಾಯಿ ತೆರೆಯಲೇ ಇಲ್ಲ.

ಮದುವೆ ಬಾಡಿಗೆಯ ಹಾಲಿನಲ್ಲಿ ನಡೆಯಿತು. ನಿವೇದಿತಾ ರೇಷ್ಮೆ ಸೀರೆ ಉಟ್ಟು, ತೆಂಗಿನಕಾಯಿ ಇಟ್ಟ ಕಳಸ ಹಿಡಿದು ಮದುಮಗನ ಪಕ್ಕದಲ್ಲಿ ನಿಂತಳು. ನಾಯಕನ ಪಕ್ಕ ನಿಲ್ಲುವ ಆಸೆಯಿತ್ತಲ್ಲ, ಈಡೇರಿತು. ಪ್ರತಿ ಫೋಟೋದ ಅಂಚಿನಲ್ಲೂ ಅವಳಿದ್ದಳು. ಧಾರೆಯ ನಡುವೆ ಚಿರಂತನ್ ಇತ್ತ ಬಾಗಿ, "ಕೈ ನೋಯ್ತಿದ್ಯಾ?" ಎಂದು ಕೇಳಿದ. ಅವನು ಯಾವಾಗಲೂ ಹಾಗೇ, ಕೈಯ ನೋವು ಕೂಡಲೇ ಗೊತ್ತಾಗುತ್ತಿತ್ತು.

ಕೊನೆಯ ಕಂತನ್ನು ಅವಳು ಹೊಸದಾಗಿ ಬರೆದಳು. ಹೊಸ ಹುಡುಗಿ ಗೆದ್ದಳು, ಗೆಳತಿ ರೈಲು ಹೋದ ಮೇಲೂ ಪ್ಲಾಟ್‌ಫಾರ್ಮಿನಲ್ಲೇ ಉಳಿದಳು. ಇದೇನು ಎಲ್ಲರೂ ಬರೆಯುವ ಅದೇ ಹಳೇ ಕಥೆ ಎಂದು ಓದುಗರು ಸಿಟ್ಟಾದರು.

ಚಿರಂತನ್‌ನ ಮೆಸೇಜು ಎಂದಿನಂತೆ ರೈಲಿನಿಂದಲೇ ಬಂತು. "ಆ ಫ್ರೆಂಡ್ ಪಾಪ ಕಣೇ. ಹೀರೋಗೂ ಮೊದ್ಲು ಅವ್ಳ ಮೇಲೆ ಇಷ್ಟ ಇತ್ತೋ ಏನೋ! ಒಂದ್ಸಲ ಬಾಯ್ಬಿಟ್ಟು ಹೇಳ್ಬಹುದಿತ್ತಲ್ವಾ?"

"ಹೌದು, ಪೆದ್ದಿ," ಎಂದು ಉತ್ತರ ಹಾಕಿ ನಿವೇದಿತಾ ಬಿಕ್ಕಿ ಬಿಕ್ಕಿ ಅತ್ತಳು.