ಏಳೆಲೆಯ ಚಿಗುರು

ನಾನು ಒಂದು ಬೇಲಿ ಗುಲಾಬಿ. ಹೂವಿನಂಗಡಿಯಲ್ಲಿ ನನ್ನನ್ನು ಹುಡುಕಬೇಡಿ, ಸಿಗುವುದಿಲ್ಲ. ನನ್ನ ಹೂವು ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡದು, ಬಿಳಿ, ಗೊಂಚಲು ಗೊಂಚಲಾಗಿ ವರ್ಷಕ್ಕೊಮ್ಮೆ ಬರುತ್ತದೆ. ವಾಸನೆಯ ಮಾತು ಎತ್ತದಿದ್ದರೆ ಒಳ್ಳೆಯದು. ಆದರೆ ಬೇರಿನ ಮಾತು ಬಂದರೆ ನಾನು ಯಾರಿಗೂ ತಲೆ ಬಾಗುವವನಲ್ಲ. ಕರಿಮಣ್ಣು ಬಿರುಕು ಬಿಟ್ಟು ಬಾಯ್ದೆರೆದಾಗಲೂ ಎಲ್ಲಿಂದಲೋ ಒಂದು ಗುಟುಕು ನೀರು ಹುಡುಕಿ ತರುವ ಬೇರು ನನ್ನದು. ಆ ಬೇರೇ ನನಗೆ ಮುಳುವಾಯಿತು.

ಹುಟ್ಟಿದ್ದು ಗದಗಿನ ರೈಲ್ವೆ ಗೇಟಿನಾಚೆ, ಮೌಲಾಸಾಬರ ನರ್ಸರಿಯ ಬೇಲಿಯಲ್ಲಿ. ಅವರು ಒಂದು ದಿನ ಬೇಲಿಯಿಂದ ಗೇಣುದ್ದದ ಕಡ್ಡಿಗಳನ್ನು ಕತ್ತರಿಸಿ, ಮಣ್ಣು ತುಂಬಿದ ಕರಿ ಚೀಲಗಳಲ್ಲಿ ಊರಿದರು. ಅದರಲ್ಲಿ ಒಂದು ಕಡ್ಡಿ ನಾನು. ಬೇರು ಬಂತು, ಚಿಗುರು ಬಂತು, ಒಂದೊಂದು ದೇಟಿನಲ್ಲಿ ಏಳೇಳು ಪುಟ್ಟ ಎಲೆ ಬಂದವು. ಮುಂದಿನ ಹೋಳಿಗೆ ಹೂ ಬಿಡುತ್ತೇನೆ ಎಂದು ನಾನು ಲೆಕ್ಕ ಹಾಕುತ್ತಿದ್ದಾಗ ಮೌಲಾಸಾಬರು ಬ್ಲೇಡು ಹಿಡಿದು ಎದುರು ಕುಕ್ಕರಗಾಲಲ್ಲಿ ಕೂತರು.

ಅವರ ಪಕ್ಕದಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಕೈಯಲ್ಲಿ ಒದ್ದೆ ಬಟ್ಟೆ ಸುತ್ತಿದ ಒಂದು ಸಣ್ಣ ಟೊಂಗೆ. ಅವಳೇ ದ್ರಾಕ್ಷಾಯಣಿ.

"ಕಾಕಾ, ಇದರಾಗ ಎಷ್ಟ ಕಣ್ಣ ಅದಾವ?"

ಎಲೆಯ ಸಂದಿಯಲ್ಲಿ ಚಿಗುರೊಡೆಯಲು ಕಾದಿರುವ ಮೊಗ್ಗಿನಂಥ ಗಂಟಿಗೆ ಅವರು ಕಣ್ಣು ಅನ್ನುತ್ತಾರೆ. ಮೌಲಾಸಾಬರು ಟೊಂಗೆಯನ್ನು ಬೆಳಕಿಗೆ ಹಿಡಿದರು. "ಮೂರ ಅದಾವ. ಎರಡ ಕುರುಡ. ಎಷ್ಟ ಸಣ್ಣ ಕಡ್ಡಿ ಕೊಟ್ಟಾರ ತಂಗಿ ನಿನಗ! ಇರೂದ ಒಂದ, ಹಚ್ಚಿ ನೋಡ್ತೇನಿ."

ನನ್ನ ಸಿಪ್ಪೆಯನ್ನು ಸೀಳಿ, ಆ ಕಣ್ಣನ್ನು ಒಳಗೆ ಸೇರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು ಕಟ್ಟಿದರು. ಮೂರು ವಾರ ಅದು ನನ್ನ ಮೈಯಲ್ಲಿ ನನ್ನದೇ ರಸ ಕುಡಿದು ಬದುಕಿತು. ಪಾಪ, ಯಾರೋ ಪರದೇಶಿ, ಇರಲಿ ಅಂದುಕೊಂಡೆ. ಆ ಕಣ್ಣು ಚಿಗುರಿದ ಮೇಲೆ ಮೌಲಾಸಾಬರು ಮತ್ತೆ ಬಂದು, ಅದರ ಮೇಲಿದ್ದ ನನ್ನ ಕೊಂಬೆ, ನನ್ನ ಎಲೆ, ನನ್ನ ತಲೆ ಎಲ್ಲವನ್ನೂ ಕಚಕ್ಕನೆ ಕತ್ತರಿಸಿ ಎಸೆದರು. ಅಂದಿನಿಂದ ನಾನು ಬರೀ ಬುಡ. ಗಿಡ ಎಂಬ ಹೆಸರು ಆ ಕಣ್ಣಿನಿಂದ ಎದ್ದ ಮೇಲಿನವಳಿಗೆ ಹೋಯಿತು.

ಅವಳು ಯಾರು ಎಂಬುದು ನನಗೆ ದ್ರಾಕ್ಷಾಯಣಿಯ ಅಂಗಳಕ್ಕೆ ಬಂದ ಮೇಲೆ ತಿಳಿಯಿತು. ದ್ರಾಕ್ಷಾಯಣಿಗೆ ನೀಲವ್ವ ಎಂಬ ಅಕ್ಕ ಇದ್ದಳು. ಇಬ್ಬರೂ ಬೆಟಗೇರಿಯ ಒಂದೇ ಓಣಿಗೆ ಸೊಸೆಯರಾಗಿ ಬಂದವರು, ಎದುರುಬದುರು ಮನೆ. ಅವರ ಅವ್ವ ತೀರಿಕೊಂಡಾಗ ಸೀರೆ, ಬೋರಮಾಳದ ಸರ, ಹಿತ್ತಾಳೆ ಕೊಡ ಎಲ್ಲವನ್ನೂ ಸಮಸಮ ಹಂಚಿಕೊಂಡರು. ಅವ್ವನ ಕೈಯಲ್ಲಿ ಬೆಳೆದ ಕಡುಗೆಂಪು ಗುಲಾಬಿಯನ್ನು ಮಾತ್ರ ಹಂಚಲು ಬರಲಿಲ್ಲ. ನೀಲವ್ವ ಮೊದಲು ಕೈಹಾಕಿದಳು, ಬುಡಸಮೇತ ಅಗೆದು ತನ್ನ ಅಂಗಳಕ್ಕೆ ತಂದಳು. ಅಂಥ ಗುಲಾಬಿ ಊರಲ್ಲಿ ಇನ್ನೊಂದಿರಲಿಲ್ಲ. ಒಂದು ಹೂ ಅರಳಿದರೆ ಓಣಿಯ ತುದಿಯ ತನಕ ವಾಸನೆ. ಕಡ್ಡಿ ಊರಿದರೆ ಬೇರು ಬಿಡುವ ಜಾತಿಯಲ್ಲ, ಅದಕ್ಕೇ ನನ್ನಂಥ ಬುಡ ಬೇಕಾಯಿತು. ದ್ರಾಕ್ಷಾಯಣಿ ಎರಡು ವರ್ಷ ಎದುರು ಮನೆಯ ಅವ್ವನ ಫೋಟೋದ ಮೇಲಿನ ಹೂ ನೋಡಿ ನೋಡಿ ಕರುಬಿ, ಕೊನೆಗೆ ಬಾಯಿಬಿಟ್ಟು ಒಂದು ಟೊಂಗೆ ಬೇಡಿದ್ದಳು.

ಹೀಗೆ ಮಣ್ಣಿನ ಮೇಲೆ ದ್ರಾಕ್ಷಾಯಣಿಗೆ ಹೊಟ್ಟೆಕಿಚ್ಚು, ಮಣ್ಣಿನೊಳಗೆ ನನಗೆ ಹೊಟ್ಟೆಕಿಚ್ಚು. ಆ ಅಂಗಳದಲ್ಲಿ ಬಿಸಿಲಿಗಿಂತ ಹೆಚ್ಚು ಉರಿ ನಮ್ಮಿಬ್ಬರದ್ದೇ.

ಮೊದಲ ವರ್ಷ ಅವಳು ಎರಡು ಹೂ ಬಿಟ್ಟಳು. ದ್ರಾಕ್ಷಾಯಣಿ ಮೊದಲ ಹೂವನ್ನು ಕೊಯ್ಯದೆ ಮುಂದೆ ಕೂತು ಮೂಸಿದಳು, ಕಣ್ಣೀರು ಒರೆಸಿಕೊಂಡಳು. "ಅವ್ವನ ಸೆರಗ ಮೂಸಿಧಂಗ ಆತ" ಅಂದಳು. ಅವಳ ಕಾಲು ನನ್ನ ಬುಡದ ಮೇಲೇ ಇತ್ತು. ನೀರು ತಂದವನು ನಾನು, ಉಪ್ಪು ಹುಡುಕಿದವನು ನಾನು, ಇರುವೆ ಕಚ್ಚಿಸಿಕೊಂಡವನು ನಾನು. ದುಡಿಯುವವನೊಬ್ಬ, ಮೆರೆಯುವವನೊಬ್ಬ ಎಂಬ ಮಾತು ನನಗಾಗಿಯೇ ಹುಟ್ಟಿರಬೇಕು.

ಎರಡನೆಯ ಮಳೆಗಾಲದಲ್ಲಿ ನನ್ನಿಂದ ತಡೆಯಲಾಗಲಿಲ್ಲ. ಕಸಿಯ ಗಂಟಿನ ಕೆಳಗೆ, ಮಣ್ಣಿನ ಒಳಗೆ, ನನ್ನದೇ ಒಂದು ಹಳೆಯ ಕಣ್ಣು ಉಳಿದಿತ್ತು. ಅದಕ್ಕೆ ಮೊದಲ ನೀರು ಕೊಟ್ಟೆ. ಅವಳಿಗೆ ಉಳಿದದ್ದು. ಎಂಟು ದಿನದಲ್ಲಿ ಮಣ್ಣು ಸೀಳಿ ಹೊರಬಂದೆ, ಒಂದೂವರೆ ತಿಂಗಳಲ್ಲಿ ದ್ರಾಕ್ಷಾಯಣಿಯ ಭುಜಕ್ಕೆ ಬಂದೆ.

ಆಕೆ ಬೆರಗಾದಳು. ಬಗ್ಗಿ ನೋಡಿದಳು, ಎದ್ದು ನೋಡಿದಳು, ಎಲೆ ತಿರುವಿ ಎಣಿಸಿದಳು. ಪಕ್ಕದಲ್ಲಿ ಮೇಲಿನವಳ ಟೊಂಗೆಯಲ್ಲಿ ದೇಟಿಗೆ ಐದೆಲೆ, ನನ್ನದರಲ್ಲಿ ಏಳು. ಇದೇನು ಎಂದು ಎರಡು ದಿನ ತಲೆ ಕೆರೆದುಕೊಂಡು, ಮೂರನೆಯ ದಿನ ತಾನೇ ಒಂದು ಉತ್ತರ ಕಟ್ಟಿಕೊಂಡಳು. ಆಮೇಲೆ ಓಣಿಗೆಲ್ಲ ಕೇಳುವಂತೆ ಕೂಗಿದಳು.

"ಅಕ್ಕಾ, ನಿನ್ನ ಗಿಡಕ್ಕ ಎಷ್ಟ ಎಲಿ?"

"ಐದ. ಯಾಕ?"

"ನಂದಕ್ಕ ಏಳ ಬಂದಾವ! ಎಲ್ಲಾ ಕೈಗುಣ ಬೇ ಕೈಗುಣ."

ನೀಲವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ದ್ರಾಕ್ಷಾಯಣಿಗೆ ಅಷ್ಟೇ ಸಾಕಾಗಿತ್ತು. ಅಂದಿನಿಂದ ಅಕ್ಕಿ ತೊಳೆದ ನೀರು, ಮಜ್ಜಿಗೆ ನೀರು, ನೆನೆಸಿದ ಶೇಂಗಾ ಹಿಂಡಿ ಎಲ್ಲವೂ ನನಗೆ. ನಾನು ಉಬ್ಬಿಹೋದೆ. ಮೇಲಿನವಳು ಸೊರಗಿದಳು, ಎಲೆ ಹಳದಿಯಾಗಿ ಉದುರಿತು. ಒಂದು ಬೆಳಿಗ್ಗೆ ದ್ರಾಕ್ಷಾಯಣಿ ಕತ್ತರಿ ತಂದು, "ಈ ನರಪೇತಲ ಟೊಂಗಿ ಸುಮ್ಮನ ಶಕ್ತಿ ಎಳೀತಾವ" ಎನ್ನುತ್ತ ಅವಳ ಟೊಂಗೆಗಳನ್ನೇ ಒಂದೊಂದಾಗಿ ಕತ್ತರಿಸಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹೆಬ್ಬೆರಳುದ್ದದ ಒಂದು ಮೋಟು ಉಳಿಯಿತು. ನಾನು ಸಂತೋಷಪಟ್ಟೆ. ಸುಳ್ಳು ಯಾಕೆ ಹೇಳಲಿ, ಮನಸಾರೆ ಸಂತೋಷಪಟ್ಟೆ.

ದೀಪಾವಳಿ ಕಳೆದ ಮೇಲೆ ನೀಲವ್ವನ ಗಿಡಕ್ಕೆ ಗೆದ್ದಲು ಹತ್ತಿತು. ಹೊರಗೆ ಹಸಿರಾಗಿಯೇ ಇದ್ದ ಗಿಡ ಒಂದು ವಾರದಲ್ಲಿ ಒಣಗಿ, ಎಳೆದರೆ ಕೈಗೆ ಬಂತು. ಎರಡು ದಿನ ಆ ಮನೆಯ ಮುಂದೆ ರಂಗೋಲಿ ಇರಲಿಲ್ಲ. ಮೂರನೆಯ ದಿನ ನೀಲವ್ವ ಓಣಿ ದಾಟಿ ಬಂದು ನಮ್ಮ ಅಂಗಳದಲ್ಲಿ ನಿಂತಳು. ಎಷ್ಟೋ ವರ್ಷಕ್ಕೆ ಬಂದವಳು, ಎಲ್ಲಿ ಕೂಡಬೇಕೋ ತಿಳಿಯದೆ ನಿಂತೇ ಇದ್ದಳು.

"ದ್ರಾಕ್ಷಿ, ಅವ್ವಂದು ಹೋತು. ಈಗ ನಿನ್ನ ಕಡೆ ಇದ್ದದ್ದಷ್ಟ. ಒಂದ ಕಡ್ಡಿ ಕೊಡ್ತೀ?"

ದ್ರಾಕ್ಷಾಯಣಿಗೆ ಗೆದ್ದ ಹಿಗ್ಗು. ಆದರೆ ಅಕ್ಕನ ಮುಖ ನೋಡಿ ಮನಸ್ಸು ಕರಗಿತು. "ಒಂದ ಯಾಕ, ನಾಕ ತಗೋ" ಎಂದು ನನ್ನ ದಪ್ಪ ಚಿಗುರನ್ನೇ ಕತ್ತರಿಸಿ, ಕಸಿಗೆ ಹೋಗುವ ಕಡ್ಡಿಯಲ್ಲಿ ಎಲೆ ಇರಬಾರದೆಂದು ತಾನೇ ಎಲೆಯೆಲ್ಲ ಸವರಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಎಲೆ ಇಲ್ಲದ ಕಡ್ಡಿ ಯಾವ ಗುಲಾಬಿಯದಾದರೇನು, ಮೌಲಾಸಾಬರಿಗೆ ಗುರುತು ಸಿಗಲಿಲ್ಲ. ಅವರು ಕಣ್ಣು ತೆಗೆದು ಕಸಿ ಕಟ್ಟಿಕೊಟ್ಟರು. ಎರಡು ಸಸಿ ಹತ್ತಿದವು, ನೀಲವ್ವನ ಅಂಗಳದಲ್ಲಿ ಚಿಗುರಿದವು. ಅವಳು ದಿನಾ ಬೆಳಿಗ್ಗೆ ಎದುರಿನಿಂದ ಕೂಗುತ್ತಿದ್ದಳು, "ನನ್ನವಕ್ಕೂ ಏಳೆಲಿ ಬಂದಾವ ದ್ರಾಕ್ಷಿ! ನಿನ್ನ ಕೈಲೆ ಅವ್ವ ಮತ್ತ ನಮ್ಮನಿಗಿ ಬಂದ್ಲ ನೋಡ."

ಹೋಳಿಯ ಹೊತ್ತಿಗೆ ನಾನು ಹೂ ಬಿಟ್ಟೆ. ಜೀವಮಾನದಲ್ಲಿ ಮೊದಲ ಸಲ. ಗೋಡೆಯ ಪಕ್ಕದಲ್ಲಿ ಬೆಳ್ಳಗೆ ಗೊಂಚಲು ಗೊಂಚಲು. ದ್ರಾಕ್ಷಾಯಣಿ ಬಾಗಿಲು ತೆರೆದು ಹೊರಬಂದಳು. ಈಗ ಕೂತು ಮೂಸುತ್ತಾಳೆ, ಈಗ ಕಣ್ಣು ಒರೆಸಿಕೊಳ್ಳುತ್ತಾಳೆ ಎಂದು ನಾನು ಉಸಿರು ಬಿಗಿಹಿಡಿದಿದ್ದೆ. ಆಕೆ ನನ್ನನ್ನು ನೋಡಿದ ನೋಟ ನಿಮಗೆ ಹೇಗೆ ಹೇಳಲಿ? ಮಗಳು ಬಂದಳೆಂದು ಬಾಗಿಲು ತೆಗೆದರೆ ಗುರುತಿಲ್ಲದವರು ನಿಂತ ಹಾಗಿತ್ತು ಆ ಮುಖ. ಅತ್ತಿತ್ತ ನೋಡಿ, ಎದುರು ಮನೆಯ ಬಾಗಿಲು ತೆರೆಯುವ ಮೊದಲು ನನ್ನ ಹೂವನ್ನೆಲ್ಲ ಚಿವುಟಿ ಸೆರಗಿನಲ್ಲಿ ಕಟ್ಟಿಕೊಂಡು ಒಳಗೆ ಹೋದಳು.

ಹದಿನೈದು ದಿನ ಹೀಗೇ ನಡೆಯಿತು. ನಾನು ಬಿಡುವುದು, ಆಕೆ ಬೆಳಗಾಗುತ್ತಲೇ ಚಿವುಟುವುದು. ಎದುರಿನಿಂದ ಅಕ್ಕ "ನಿಂದು ಮೊಗ್ಗ ಹಿಡದೈತೇನ?" ಎಂದು ಕೇಳಿದರೆ "ಇನ್ನೂ ಇಲ್ಲಬೇ" ಎನ್ನುತ್ತ ಆಕೆ ಸೆರಗಿನ ಗಂಟು ಬಿಗಿಯುತ್ತಿದ್ದಳು. ಕೊನೆಗೆ ಆಕೆಯೇ ಹೋಗಿ ಮೌಲಾಸಾಬರನ್ನು ಕರೆತಂದಳು.

ಅವರು ಕೈಯಿಂದ ಮಣ್ಣು ಕೆದರುತ್ತ ನನ್ನ ಚಿಗುರಿನ ಜಾಡು ಹಿಡಿದು ಬೇರಿನ ತನಕ ಬಂದರು. "ಗಂಟಿನ ಮ್ಯಾಲಿಂದ ಎದ್ದಿಲ್ಲ ತಂಗಿ, ಕೆಳಗಿಂದ ಎದ್ದೈತಿ. ಇದು ಬೇರಿನ ಗಿಡ. ನಿಮ್ಮವ್ವಂದಲ್ಲ."

"ಏಳೆಲಿ ಬಂದಿದ್ದೂ ಕಾಕಾ. ಜೋರ ಬೆಳದೈತಿ ಅಂತ ತಿಳದೆ."

"ಐದ ಇದ್ರ ನಿಮ್ಮವ್ವಂದು, ಏಳ ಇದ್ರ ಬೇಲೀದು. ಇಷ್ಟ ಒಂದ ಮಾತ ಅವತ್ತ ಹೇಳೂದ ಮರತೆ ನೋಡ ನಾ."

ಅವರು ಮೇಲಿನವಳ ಉಳಿದ ಮೋಟನ್ನು ಉಗುರಿನಿಂದ ಕೆರೆದರು. ಸಿಪ್ಪೆಯ ಅಡಿಯಲ್ಲಿ ಒಂದೆಳೆ ಹಸಿರು ಇನ್ನೂ ಇತ್ತು. "ಜೀವ ಐತಿ" ಅಂದರು. ಆಮೇಲೆ ನನ್ನನ್ನು ಬುಡದ ತನಕ ಕತ್ತರಿಸಿದರು. ಎರಡನೆಯ ಸಲ ನನ್ನ ತಲೆ ಹೋಯಿತು.

ಎದುರು ಮನೆಯಿಂದ ಅದನ್ನು ಕಂಡು ನೀಲವ್ವ ಓಡಿ ಬಂದಳು. "ಏನ ಮಾಡಸಾಕತ್ತೀ ದ್ರಾಕ್ಷಿ? ಅವ್ವನ ಗಿಡ ಯಾಕ ಕಡಸಿದಿ?"

ದ್ರಾಕ್ಷಾಯಣಿ ನೆಲ ನೋಡುತ್ತ ಹೇಳಿದಳು. "ಅಕ್ಕಾ, ಇದು ಅವ್ವಂದಲ್ಲ. ನಿನ್ನ ಅಂಗಳದಾಗಿರೂದೂ ಅಲ್ಲ."

"ಬೇಕಂತನ ಕೊಟ್ಟೀಯೇನ?"

"ಇಲ್ಲಬೇ, ಅವ್ವನಾಣಿ. ಆದ್ರ ಗೊತ್ತಾದ ಮ್ಯಾಲೂ ಹದಿನೈದ ದಿನ ಸುಮ್ಮನಿದ್ದೆ. ಅವ್ವನ ಟೊಂಗಿ ನಾನ ಕೈಯಾರ ಕಡದೆ. ನಿನಕಿಂತ ದೊಡ್ಡದು ಬೆಳಸಬೇಕಂತ ಕಡದೆ."

ನೀಲವ್ವ ಬೈಯುತ್ತಾಳೆ ಎಂದು ನಾನೂ ಕಾದೆ. ಅವಳು ನನ್ನ ಪಕ್ಕದ ನೆಲದ ಮೇಲೆಯೇ ಕೂತಳು.

"ಅವತ್ತ ನೀ ಬೇಡಾಕ ಬಂದಾಗ ಗಿಡದ ತುಂಬ ದಪ್ಪ ದಪ್ಪ ಕಡ್ಡಿ ಇದ್ದೂ. ನಾ ಹುಡಿಕ್ಯಾಡಿ ಸಣ್ಣಂದ ಕೊಟ್ಟೆ. ನಿನ್ನ ಅಂಗಳದಾಗ ಅದು ಬದುಕಬಾರದಿತ್ತು ನನಗ."

ಮೌಲಾಸಾಬರು ಬ್ಲೇಡು ಒರೆಸಿ ಕಿಸೆಗೆ ಹಾಕಿಕೊಂಡು, ಸದ್ದಿಲ್ಲದೆ ಗೇಟು ಎಳೆದುಕೊಂಡು ಹೋದರು.

ಅಂದಿನಿಂದ ಅಕ್ಕತಂಗಿ ಇಬ್ಬರೂ ದಿನಾ ಸಂಜೆ ನನ್ನ ಮುಂದೆ ಕೂರತೊಡಗಿದರು. ಒಬ್ಬಳು ತಂಬಿಗೆಯಲ್ಲಿ ನೀರು ತರುತ್ತಿದ್ದಳು, ಇನ್ನೊಬ್ಬಳು ಮೋಟಿಗೆ ಬಿಸಿಲು ತಾಗದಂತೆ ಹಸಿ ಗೋಣಿಚೀಲ ಕಟ್ಟುತ್ತಿದ್ದಳು. ಅವ್ವ ಗುಲ್ಕಂದ ಮಾಡುತ್ತಿದ್ದದ್ದು, ಒಬ್ಬರಿಗೆ ಗೊತ್ತಾಗದಂತೆ ಇನ್ನೊಬ್ಬರ ಬಾಯಿಗೆ ಒಂದು ಚಮಚ ಹಾಕುತ್ತಿದ್ದದ್ದು, ಹೀಗೆ ಏನೇನೋ ಮಾತು. ಇಬ್ಬರೂ ತಾನೇ ಅವ್ವನ ಮುದ್ದಿನ ಮಗಳೆಂದು ಅಷ್ಟು ವರ್ಷ ತಿಳಿದಿದ್ದರಂತೆ. ಇಬ್ಬರೂ ನಕ್ಕರು, ಆಮೇಲೆ ಅತ್ತರು.

ಈಗ ಎಲ್ಲ ನನ್ನ ಕೈಯಲ್ಲಿತ್ತು. ಚಿಗುರುವುದಿದ್ದರೆ ನನಗೆ ಬೇಕಾದಷ್ಟು ಕಣ್ಣುಗಳಿದ್ದವು. ನಾನು ಒಂದನ್ನೂ ಬಿಚ್ಚಲಿಲ್ಲ. ಹೊಟ್ಟೆಕಿಚ್ಚು ಹೋಗಿತ್ತೆಂದಲ್ಲ. ಆ ಇಬ್ಬರು ಹೆಂಗಸರು ಬಗ್ಗಿ ಬಗ್ಗಿ ಆ ಮೋಟನ್ನೇ ನೋಡುತ್ತಿದ್ದಾಗ ನನಗೆ ಇನ್ನೇನೂ ತೋಚಲಿಲ್ಲ, ಅಷ್ಟೆ. ಇದ್ದಬದ್ದ ನೀರನ್ನೆಲ್ಲ ಕೂಡಿಹಾಕಿ ಮೇಲಕ್ಕೆ, ಅವಳಿಗೆ ಕಳಿಸಿದೆ. ಒಂದು ದಿನವಲ್ಲ, ಇಡೀ ಬೇಸಿಗೆ ಕಳಿಸಿದೆ.

ಅವಳು ಕುಡಿಯಲಿಲ್ಲ.

ಮೊದಲ ಮಳೆ ಬಿದ್ದ ದಿನ ನೀಲವ್ವ ಮೋಟನ್ನು ಕೆರೆದು ನೋಡಿದಳು. ಒಳಗೆ ಕಂದು ಬಣ್ಣ. ಗೋಣಿಚೀಲ ಬಿಚ್ಚಿ ಮಡಿಚಿದಳು. ದ್ರಾಕ್ಷಾಯಣಿ ನನ್ನನ್ನು ಕಿತ್ತೆಸೆಯಲು ಗುದ್ದಲಿ ತಂದಾಗ ತಡೆದವಳು ನೀಲವ್ವನೇ. "ಇರಲಿ ಬಿಡ. ಅವ್ವಂದನ್ನ ಮೂರ ವರ್ಷ ಹೊತ್ತೈತಿ ಅದು."

ಇದಾಗಿ ಬಹಳ ವರ್ಷವಾಯಿತು. ನನ್ನ ಬುಡ ಈಗ ಮುದುಕರ ಮೊಣಕಾಲಿನಂತೆ ಗಂಟುಗಟ್ಟಿದೆ. ಗೋಡೆಯ ಮೂಲೆಯಲ್ಲಿ ನನ್ನಷ್ಟಕ್ಕೆ ನಾನು ಹಬ್ಬಿದ್ದೇನೆ, ಹೋಳಿ ಬಂದಾಗ ಹೂ ಬಿಡುತ್ತೇನೆ. ಈಗ ಯಾರೂ ಚಿವುಟುವುದಿಲ್ಲ. ಓಣಿಗೆ ಹೊಸದಾಗಿ ಬಂದವರು ನಿಂತು "ಯಾವ ಗಿಡಾರಿ ಇದು, ಚಂದ ಐತೆಲ್ಲ" ಎಂದು ಕೇಳುತ್ತಾರೆ. ಕಟ್ಟೆಯ ಮೇಲೆ ಕೂತ ಅಕ್ಕತಂಗಿ ಇಬ್ಬರೂ ಒಟ್ಟಿಗೆ ಬಾಯಿ ತೆರೆಯುತ್ತಾರೆ. "ನಮ್ಮವ್ವನ ಗುಲಾಬಿ ಇದರ ಮ್ಯಾಲ ಇತ್ರಿ. ಕಡುಗೆಂಪು. ಓಣಿ ತುಂಬ ವಾಸನಿ." ನನ್ನ ಹೂವಿನ ಕಡೆ ಕೈ ತೋರಿಸುತ್ತ, ಇಲ್ಲದ ಆ ಹೂವಿನ ಬಣ್ಣ ಹೇಳುತ್ತಾರೆ.

ಆಗೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ. ಬೇರು ಇದೆ, ನೀರು ಇದೆ, ಮೈತುಂಬ ಹೂವಿದೆ, ಆದರೂ ಮಾತು ಅವಳದೇ. ಈಗಲೂ ಎಲ್ಲಿಂದಾದರೂ ಅವಳ ಒಂದೇ ಒಂದು ಕಣ್ಣು ತಂದು ನನ್ನ ಸಿಪ್ಪೆ ಸೀಳಿ ಕಟ್ಟಿದರೆ, ಇನ್ನೊಮ್ಮೆ ತಲೆ ಕೊಟ್ಟು ಹೊರುತ್ತೇನೆ. ಹೊಟ್ಟೆಕಿಚ್ಚು ಪಡುತ್ತಲೇ ಹೊರುತ್ತೇನೆ.